ಹೊಲದ ಮಣ್ಣು, ನೀರು, ಸೊಪ್ಪಿನಲ್ಲಿ ಭಾರಲೋಹ: ಮಾದರಿ ತೆಗೆಯುವುದರಿಂದ ಪರಿಹಾರದವರೆಗೆ ಒಂದು ಸಮಗ್ರ ಮಾರ್ಗದರ್ಶಿ

ಪುಣೆಯ ಪೂರ್ವಕ್ಕೆ ಮಾಂಜರಿ, ಥೇವೂರು, ಉರುಳಿ ಕಾಂಚನ್ ಕಡೆಗಳಲ್ಲಿ ಹತ್ತಿಪ್ಪತ್ತು ಗುಂಟೆ ಜಮೀನು ಹಿಡಿದು ಸೊಪ್ಪು ತರಕಾರಿ ಬೆಳೆಯುವ ಕನ್ನಡ ಕುಟುಂಬಗಳು ಕಡಿಮೆಯೇನಿಲ್ಲ. ಮುಳಾ-ಮುಠಾ ನದಿಯ ನೀರಿನ ಸ್ಥಿತಿ ಕಂಡು ದಿಗಿಲುಗೊಂಡವರು ಸೀಸ, ಕ್ಯಾಡ್ಮಿಯಂನಂಥ ಭಾರಲೋಹದ ಪರೀಕ್ಷೆಗೆ ಸಾವಿರಾರು ರೂಪಾಯಿ ಖರ್ಚು ಮಾಡುತ್ತಾರೆ, ಬಂದ ವರದಿಯನ್ನು ಹಿಡಿದು "ಇದರ ಅರ್ಥವೇನು?" ಎಂದು ಕೇಳುತ್ತಾರೆ. ಬಹಳಷ್ಟು ಸಲ ನಾನು ಕೊಡಬೇಕಾದ ಉತ್ತರ, ಈ ಕಾಗದದಿಂದ ಏನನ್ನೂ ಹೇಳಲಾಗದು ಎಂಬುದೇ ಆಗಿರುತ್ತದೆ. ತಪ್ಪು ಪ್ರಯೋಗಾಲಯದ್ದಲ್ಲ, ಕೆಲಸದ ಅನುಕ್ರಮದ್ದು. ಮೊದಲು ಮಣ್ಣು ಅಗೆದು, ಆಮೇಲೆ ಪ್ರಯೋಗಾಲಯ ಹುಡುಕಿ, ಕೊನೆಗೆ ಪ್ರಶ್ನೆ ಕೇಳುವವರಿಗೆ ವರದಿ ಬರುತ್ತದೆಯೇ ಹೊರತು ಉತ್ತರ ಬರುವುದಿಲ್ಲ. ಆದ್ದರಿಂದ ಕೆಳಗಿನ ಹಂತಗಳನ್ನು ಇರುವ ಕ್ರಮದಲ್ಲಿಯೇ ಅನುಸರಿಸಬೇಕೆಂದು ಕೋರುತ್ತೇನೆ.

1. ಮೊದಲು ಲೋಹದ ದಾರಿಯನ್ನು ಗುರುತಿಸಿಕೊಳ್ಳಿ

ಒಂದು ಹಾಳೆಯಲ್ಲಿ ಜಮೀನಿನ ನಕ್ಷೆ ಬರೆದು, ಕಳೆದ ಹತ್ತು ವರ್ಷಗಳಲ್ಲಿ ಅದರೊಳಗೆ ಹೊರಗಿನಿಂದ ಏನೇನು ಬಂದಿದೆ ಎಂಬುದನ್ನು ಗುರುತು ಹಾಕಿ: ನದಿ ಅಥವಾ ಕಾಲುವೆಯ ನೀರು, ಊರಿನ ಕಸದಿಂದ ಮಾಡಿದ ಗೊಬ್ಬರ, ಕೋಳಿಗೊಬ್ಬರ, ರಂಜಕದ ಗೊಬ್ಬರ, ಮೈಲುತುತ್ತ (ತಾಮ್ರದ ಸಲ್ಫೇಟ್), ಹೆದ್ದಾರಿಯ ಧೂಳು. ಒಂದೊಂದು ಮೂಲಕ್ಕೂ ಅದರದೇ ಲೋಹವಿದೆ. ರಂಜಕದ ಗೊಬ್ಬರದ ಕಚ್ಚಾವಸ್ತುವಾದ ಶಿಲಾರಂಜಕದಲ್ಲಿ ಕ್ಯಾಡ್ಮಿಯಂ ಸಹಜವಾಗಿಯೇ ಇರುತ್ತದೆ. ಕೋಳಿಗಳ ಆಹಾರಕ್ಕೆ ಸೇರಿಸುವ ತಾಮ್ರ ಮತ್ತು ಸತುವಿನ ಬಹುಪಾಲು ಹಿಕ್ಕೆಯಲ್ಲಿ ಹೊರಬರುತ್ತದೆ. ವಿಂಗಡಿಸದ ಕಸದ ಗೊಬ್ಬರದಲ್ಲಿ ಬ್ಯಾಟರಿ, ಬಣ್ಣ ಮತ್ತು ವಿದ್ಯುತ್ ಸಾಮಾನಿನ ಚೂರುಗಳಿಂದ ಸೀಸ, ಕ್ಯಾಡ್ಮಿಯಂ ಮತ್ತು ನಿಕ್ಕೆಲ್ ಸೇರಿಕೊಳ್ಳುತ್ತವೆ.

ಇಲ್ಲಿಯೇ ಒಂದು ಲೆಕ್ಕ ಮಾಡಿಕೊಂಡರೆ ಮುಂದಿನ ಖರ್ಚು ಎಷ್ಟೋ ಉಳಿಯುತ್ತದೆ. ಒಂದು ಹೆಕ್ಟೇರಿನ ಮೇಲಿನ 15 ಸೆಂ.ಮೀ. ಮಣ್ಣು ಸುಮಾರು 2000 ಟನ್ ತೂಗುತ್ತದೆ. ಶಿಲೀಂಧ್ರ ರೋಗಕ್ಕೆ ಹೊಡೆಯುವ ಶೇ. 1ರ ಬೋರ್ಡೋ ದ್ರಾವಣಕ್ಕೆ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ ಬೇಕು. ಮೈಲುತುತ್ತದ ಕಾಲು ಭಾಗ ತಾಮ್ರ. ದ್ರಾಕ್ಷಿ ತೋಟಕ್ಕೆ ಹೆಕ್ಟೇರಿಗೆ 1000 ಲೀಟರ್ ಸಿಂಪಡಿಸಿದರೆ ಎರಡೂವರೆ ಕಿಲೋ ತಾಮ್ರ ಬಿತ್ತು, ಅಂದರೆ ಕಿಲೋ ಮಣ್ಣಿಗೆ 1.25 ಮಿಲಿಗ್ರಾಂ. ವರ್ಷಕ್ಕೆ ನಾಲ್ಕು ಸಿಂಪಡಣೆಯಂತೆ 20 ವರ್ಷ ನಡೆದರೆ ಅದು 100 ಮಿಲಿಗ್ರಾಂ ಆಗುತ್ತದೆ. ಜುನ್ನರ, ನಾರಾಯಣಗಾಂವ್ ಕಡೆಯ ಹಳೆಯ ದ್ರಾಕ್ಷಿ ತೋಟ ಕೊಳ್ಳುವವರೂ, ಗೋವೆಯಲ್ಲಿ ಕುಳಾಗರ ಎನ್ನುವ ಅಡಿಕೆ ತೋಟವನ್ನು ಗುತ್ತಿಗೆಗೆ ಹಿಡಿಯುವವರೂ ಮೊದಲು ಕೇಳಬೇಕಾದ ಪ್ರಶ್ನೆ ಸೀಸದ ಬಗ್ಗೆಯಲ್ಲ, ಎಷ್ಟು ವರ್ಷದಿಂದ ಮೈಲುತುತ್ತ ಹೊಡೆದಿದ್ದಾರೆ ಎಂಬುದರ ಬಗ್ಗೆ.

ಅದೇ ಲೆಕ್ಕವನ್ನು ಕಸದ ಗೊಬ್ಬರಕ್ಕೂ ಹಾಕಬಹುದು. ರಸಗೊಬ್ಬರ ನಿಯಂತ್ರಣ ಆದೇಶವು ನಗರ ಕಾಂಪೋಸ್ಟಿಗೆ ಕಿಲೋಗೆ 5 ಮಿಲಿಗ್ರಾಂ ಕ್ಯಾಡ್ಮಿಯಂ ಮತ್ತು 100 ಮಿಲಿಗ್ರಾಂ ಸೀಸದ ಗರಿಷ್ಠ ಮಿತಿಯನ್ನು ಹಾಕಿದೆ. ಆ ಮಿತಿಯ ಅಂಚಿನಲ್ಲಿರುವ ಗೊಬ್ಬರವನ್ನು ಹೆಕ್ಟೇರಿಗೆ 10 ಟನ್ ಹಾಕಿದರೆ ಮಣ್ಣಿಗೆ ಸೇರುವ ಕ್ಯಾಡ್ಮಿಯಂ ಕಿಲೋಗೆ 0.025 ಮಿಲಿಗ್ರಾಂ. ಒಂದು ವರ್ಷಕ್ಕೆ ಇದು ಅಲ್ಪ; ಆದರೆ 40 ವರ್ಷಕ್ಕೆ 1 ಮಿಲಿಗ್ರಾಂ. ಲೋಹ ಕೊಳೆಯುವುದಿಲ್ಲ, ಆವಿಯಾಗುವುದಿಲ್ಲ, ಕೂಡುತ್ತಲೇ ಹೋಗುತ್ತದೆ.

2. ಹೋಲಿಕೆಯ ಮಣ್ಣು ಎಲ್ಲಿ ಸಿಗುತ್ತದೆಂದು ನಿರ್ಧರಿಸಿ

ಅತಿ ಹೆಚ್ಚು ಜನ ಬಿಟ್ಟುಬಿಡುವುದು ಈ ಹಂತವನ್ನೇ, ಮತ್ತು ಇದನ್ನು ಬಿಟ್ಟರೆ ಉಳಿದುದೆಲ್ಲ ವ್ಯರ್ಥ. ಪುಣೆಯ ಕಪ್ಪು ಮಣ್ಣು ದಖ್ಖನ್ನಿನ ಕಪ್ಪುಶಿಲೆಯಿಂದ, ಅಂದರೆ ಬಸಾಲ್ಟಿನಿಂದ ಆದದ್ದು. ಬಸಾಲ್ಟಿನಲ್ಲಿ ತಾಮ್ರ, ನಿಕ್ಕೆಲ್, ಕ್ರೋಮಿಯಂ ಮತ್ತು ಸತು ಸಹಜವಾಗಿಯೇ ಹೆಚ್ಚು. ಯಾರೂ ಏನೂ ಹಾಕದ ಬೀಳುಭೂಮಿಯಲ್ಲಿಯೂ ತಾಮ್ರ ಕಿಲೋಗೆ ನೂರು ಮಿಲಿಗ್ರಾಮಿನ ಆಸುಪಾಸಿನಲ್ಲಿ ಕಂಡರೆ ಅದು ಬೆರಗಿನ ಸಂಗತಿಯಲ್ಲ. ಹೀಗಿರುವಾಗ "ನಮ್ಮ ಹೊಲದಲ್ಲಿ ತಾಮ್ರ 110 ಬಂದಿದೆ, ನದಿ ನೀರು ನಮ್ಮನ್ನು ಹಾಳುಮಾಡಿತು" ಎಂಬ ಮಾತು ನಿಜವೂ ಇರಬಹುದು, ಬರೀ ಬಂಡೆಯ ಗುಣವೂ ಇರಬಹುದು. ಇವೆರಡನ್ನು ಬೇರ್ಪಡಿಸುವುದು ಹೋಲಿಕೆಯ ಮಣ್ಣು ಮಾತ್ರ.

ಹೋಲಿಕೆಯ ಮಣ್ಣು ನಿಮ್ಮ ಹೊಲದ ಮಣ್ಣಿನ ಜಾತಿಯದೇ ಆಗಿರಬೇಕು. ಬಣ್ಣ, ಜಿಗುಟು, ಆಳ ಎಲ್ಲವೂ ಹೊಂದಬೇಕು. ಆದರೆ ನೀವು ಅನುಮಾನಿಸುವ ಮೂಲ ಅದನ್ನು ತಲುಪಿರಬಾರದು. ಕಾಲುವೆಯ ನೀರಿನ ಮೇಲೆ ಅನುಮಾನವಿದ್ದರೆ ಕಾಲುವೆಗಿಂತ ಎತ್ತರದಲ್ಲಿರುವ ಮಳೆಯಾಶ್ರಿತ ಹೊಲ, ಹಳೆಯ ದೇವಸ್ಥಾನದ ಹಿಂದಿನ ಉಳದ ಜಾಗ, ಗೋಮಾಳ ಇವು ಸೂಕ್ತ. ರಸ್ತೆಯ ಬದಿ, ಗುಡಿಸಲು ಕೆಡವಿದ ಜಾಗ, ಇಟ್ಟಿಗೆ ಸುಟ್ಟ ಜಾಗ ಇವು ಸಲ್ಲವು. ಹೋಲಿಕೆಗೆ ಎರಡು ಕಡೆಯ ಮಣ್ಣು ತೆಗೆದರೆ ಇನ್ನೂ ಒಳ್ಳೆಯದು. ಹಣದ ಅಡಚಣೆಯಿದ್ದರೆ ಹೊಲದ ಮಾದರಿಯಲ್ಲಿ ಒಂದನ್ನು ಕಡಿಮೆ ಮಾಡಿ, ಇದನ್ನು ಮಾತ್ರ ಬಿಡಬೇಡಿ.

ಗೋವೆಯ ಮಾತು ಬೇರೆ. ಅಲ್ಲಿನದು ಜಂಬಿಟ್ಟಿಗೆಯ ಕೆಂಪು, ಹುಳಿ ಮಣ್ಣು. ಡಿಚೋಲಿ, ಸತ್ತರಿ, ಸಾಂಗೆ ತಾಲ್ಲೂಕುಗಳ ಗಣಿ ಪ್ರದೇಶದ ಕೆಳಗಿನ ಗದ್ದೆಗಳಿಗೆ ಮಳೆಯಲ್ಲಿ ಅದಿರಿನ ಹೂಳು ಹರಿದುಬಂದು ಕಬ್ಬಿಣ ಮತ್ತು ಮ್ಯಾಂಗನೀಸ್ ಸೇರಿರುತ್ತವೆ. ಪುಣೆಯ ಅಂಕಿಯನ್ನು ಗೋವೆಗೆ, ಗೋವೆಯ ಅಂಕಿಯನ್ನು ಪುಣೆಗೆ ಹೋಲಿಸುವುದರಲ್ಲಿ ಅರ್ಥವಿಲ್ಲ.

3. ಅಗೆಯುವ ಮುನ್ನ ಪ್ರಯೋಗಾಲಯದೊಡನೆ ಮಾತಾಡಿ

ಮಣ್ಣು ಪರೀಕ್ಷೆ ಮಾಡಿಸಿದ್ದೇವೆ ಎನ್ನುವವರ ಕೈಯಲ್ಲಿ ಹೆಚ್ಚಾಗಿ ಇರುವುದು ಮಹಾರಾಷ್ಟ್ರದಲ್ಲಿ 'ಜಮೀನ್ ಆರೋಗ್ಯ ಪತ್ರಿಕಾ' ಎನ್ನುವ ಮಣ್ಣು ಆರೋಗ್ಯ ಚೀಟಿ. 2015ರಲ್ಲಿ ಆರಂಭವಾದ ಈ ಚೀಟಿಯಲ್ಲಿ 12 ಅಂಶಗಳಿವೆ: ಸಾರಜನಕ, ರಂಜಕ, ಪೊಟ್ಯಾಷ್, ಗಂಧಕ, ಸತು, ಕಬ್ಬಿಣ, ತಾಮ್ರ, ಮ್ಯಾಂಗನೀಸ್, ಬೋರಾನ್, ರಸಸಾರ (ಪಿಎಚ್), ಲವಣಾಂಶ, ಸಾವಯವ ಇಂಗಾಲ. ಸೀಸವೂ ಇಲ್ಲ, ಕ್ಯಾಡ್ಮಿಯಮ್ಮೂ ಇಲ್ಲ. ಅದರಲ್ಲಿರುವ ತಾಮ್ರ ಮತ್ತು ಸತುವಿನ ಅಂಕಿಗಳು ಗಿಡಕ್ಕೆ ಸಿಗುವ ಭಾಗವನ್ನು ಮಾತ್ರ, ಡಿಟಿಪಿಎ ಎಂಬ ದ್ರಾವಣದಿಂದ ಹೊರತೆಗೆದು, ತೋರಿಸುತ್ತವೆ. ಈ ಅಂಕಿಯನ್ನು ಒಟ್ಟು ಲೋಹದ ಮಿತಿಯೊಡನೆ ಹೋಲಿಸಿ "ಮಿತಿಗಿಂತ ಎಷ್ಟೋ ಕಡಿಮೆಯಿದೆ" ಎಂದು ನೆಮ್ಮದಿಯಾಗಿರುವವರನ್ನು ನಾನು ಪದೇಪದೇ ನೋಡಿದ್ದೇನೆ. ಸೇರನ್ನೂ ಗಜವನ್ನೂ ಹೋಲಿಸಿದಂತೆ ಅದು.

ಪ್ರಯೋಗಾಲಯಕ್ಕೆ ಕೇಳಬೇಕಾದ ಪ್ರಶ್ನೆಗಳು ಇವು. ಎನ್‌ಎಬಿಎಲ್ ಮಾನ್ಯತೆ (ಪ್ರಯೋಗಾಲಯಗಳಿಗೆ ರಾಷ್ಟ್ರೀಯ ಮಂಡಳಿ ಕೊಡುವ ಮನ್ನಣೆ) ಮಣ್ಣಿನಲ್ಲಿನ ಸೀಸ, ಕ್ಯಾಡ್ಮಿಯಂ ಪರೀಕ್ಷೆಗೇ ಇದೆಯೇ, ಅಥವಾ ಬೇರೆ ಯಾವುದೋ ವಸ್ತುವಿಗಿದೆಯೇ? ಒಟ್ಟು ಲೋಹಕ್ಕಾಗಿ ಮಣ್ಣನ್ನು ಪ್ರಬಲ ಆಮ್ಲದಲ್ಲಿ ಜೀರ್ಣಿಸುತ್ತಾರೆಯೇ? ಅಳೆಯುವ ಯಂತ್ರ ಅತಿ ಸೂಕ್ಷ್ಮವಾದ ಐಸಿಪಿ-ಎಂಎಸ್ ಆಗಿದೆಯೇ ಅಥವಾ ಅದಕ್ಕಿಂತ ಸರಳವಾದ ಎಎಎಸ್ ಆಗಿದೆಯೇ, ಮತ್ತು ಅವರು ಖಚಿತವಾಗಿ ಅಳೆಯಬಲ್ಲ ಅತಿ ಕನಿಷ್ಠ ಪ್ರಮಾಣವೆಷ್ಟು? ಕೊನೆಯ ಪ್ರಶ್ನೆ ಬಹುಮುಖ್ಯ. ಕುಡಿಯುವ ನೀರಿನಲ್ಲಿ ಕ್ಯಾಡ್ಮಿಯಂ ಮಿತಿ ಲೀಟರಿಗೆ 0.003 ಮಿಲಿಗ್ರಾಂ. ಪ್ರಯೋಗಾಲಯ 0.01ಕ್ಕಿಂತ ಕೆಳಗೆ ಅಳೆಯಲಾರದಾದರೆ ಅವರು ಬರೆಯುವ "ಪತ್ತೆಯಾಗಿಲ್ಲ" ಎಂಬ ಮಾತಿಗೆ ಬೆಲೆಯಿಲ್ಲ.

ನೀರಿಗಾಗಿ ಆಮ್ಲ ಹಾಕಿದ ಬಾಟಲಿಯನ್ನು ಅವರಿಂದಲೇ ಕೇಳಿ ಪಡೆಯಿರಿ. ನೈಟ್ರಿಕ್ ಆಮ್ಲವನ್ನು ಅಂಗಡಿಯಿಂದ ತಂದು ಮನೆಯಲ್ಲಿ ಸುರಿಯುವ ಸಾಹಸ ಬೇಡ.

4. ಸಲಕರಣೆಗಳು

ಬೇಕಾದವು: ತುಕ್ಕು ಹಿಡಿಯದ ಉಕ್ಕಿನ ಕುರಪಿ ಅಥವಾ ಗಟ್ಟಿ ಮರದ ಕೋಲು, ಪ್ಲಾಸ್ಟಿಕ್ ಬಕೆಟ್, ಬಿಳಿ ಪ್ಲಾಸ್ಟಿಕ್ ಹಾಳೆ, ಮರದ ಕೊಡತಿ, 2 ಮಿ.ಮೀ. ನೈಲಾನ್ ಜರಡಿ, ಹೊಸ ಪ್ಲಾಸ್ಟಿಕ್ ಚೀಲಗಳು, ಪೆನ್ಸಿಲ್, ಪುಡಿ ಹಚ್ಚದ ಕೈಗವಸು.

ಬೇಡವಾದವು: ಇಲ್ಲಿ ಘಮೇಲಾ ಎನ್ನುವ ಕಬ್ಬಿಣದ ಬುಟ್ಟಿ, ಸತು ಲೇಪಿಸಿದ ತಗಡಿನ ಬಕೆಟ್, ಬಣ್ಣ ಬಳಿದ ಸನಿಕೆ, ಹಿತ್ತಾಳೆಯ ಜರಡಿ, ಗೊಬ್ಬರದ ಖಾಲಿ ಚೀಲ. ನಾನೇ ಮೊದಲ ಸಲ ತಗಡಿನ ಬಕೆಟ್ಟಿನಲ್ಲಿ ಒದ್ದೆ ಮಣ್ಣು ಕಲಸಿ ಕಳಿಸಿ, ಸತುವಿನ ಅಂಕಿ ಏರಿದ್ದನ್ನು ಕಂಡು ನೆರೆಹೊರೆಯವರನ್ನೆಲ್ಲ ಗಾಬರಿಗೊಳಿಸಿದ್ದೆ; ಎರಡನೆಯ ಪರೀಕ್ಷೆಯಲ್ಲಿ ತಪ್ಪು ಬಕೆಟ್ಟಿನದೆಂದು ತಿಳಿಯಿತು. ಬಿಸಿಲಿಗೆ ಹಚ್ಚುವ ಕ್ರೀಮುಗಳಲ್ಲಿಯೂ ಸತುವಿನ ಪುಡಿ ಇರುವುದರಿಂದ ಅಂದು ಬರಿಗೈಯಲ್ಲಿ ಮಣ್ಣು ಮುಟ್ಟಬೇಡಿ, ಉಂಗುರಗಳನ್ನು ತೆಗೆದಿಡಿ.

5. ಮಣ್ಣಿನ ಮಾದರಿ ತೆಗೆಯುವುದು

ಸುಗ್ಗಿ ಮುಗಿದು, ಮುಂದಿನ ಗೊಬ್ಬರ ಹಾಕುವ ಮೊದಲು, ಮಣ್ಣು ಒಣಗಿದ್ದಾಗ ತೆಗೆಯಿರಿ. ಏಪ್ರಿಲ್, ಮೇ ತಿಂಗಳು ಸೂಕ್ತ. ಆದರೆ ಕಪ್ಪು ಮಣ್ಣು ಬೇಸಿಗೆಯಲ್ಲಿ ಬಾಯಿ ಬಿಡುತ್ತದೆ, ಮತ್ತು ಮೇಲಿನ ಮಣ್ಣು ಆ ಬಿರುಕುಗಳೊಳಗೆ ಉದುರಿ ಕೆಳಗೆ ಸೇರುತ್ತದೆ. ಆದ್ದರಿಂದ ಬಿರುಕಿನ ಮೇಲೆ ಗುಂಡಿ ತೋಡಬಾರದು.

ಒಂದೇ ನೀರು, ಒಂದೇ ಬೆಳೆ, ಒಂದೇ ಬಣ್ಣದ ಮಣ್ಣು ಇರುವ ಭಾಗವನ್ನು ಒಂದು ಘಟಕವೆಂದು ಎಣಿಸಿ. ಅದರೊಳಗೆ ಓರೆಕೋರೆಯಾಗಿ ನಡೆಯುತ್ತ 10ರಿಂದ 15 ಕಡೆ ನಿಲ್ಲಿ. ಪ್ರತಿ ಜಾಗದಲ್ಲಿ ಮೇಲಿನ ಕಸಕಡ್ಡಿಯನ್ನಷ್ಟೇ ಸರಿಸಿ, ಮಣ್ಣನ್ನು ಕೆರೆದು ತೆಗೆಯದೆ, 15 ಸೆಂ.ಮೀ. ಆಳದ ಇಳಿಜಾರಾದ ಗುಂಡಿ ತೋಡಿ, ಅದರ ಗೋಡೆಯಿಂದ ಮೇಲಿನಿಂದ ಕೆಳಗಿನವರೆಗೆ ಒಂದೇ ದಪ್ಪದ ಪದರವನ್ನು ಕತ್ತರಿಸಿ ಬಕೆಟ್ಟಿಗೆ ಹಾಕಿ. ಬದು, ಗೊಬ್ಬರದ ತಿಪ್ಪೆ, ಮರದ ಬುಡ, ಪಂಪಿನ ಮನೆಯ ಸುತ್ತಲಿನ ಜಾಗ ಇವನ್ನು ಬಿಡಿ. ನೀರು ಹೊಲಕ್ಕೆ ಮೊದಲು ನುಗ್ಗುವ ಮೂಲೆಯ ಮಣ್ಣನ್ನು ಮಾತ್ರ ಪ್ರತ್ಯೇಕ ಚೀಲದಲ್ಲಿ ಹಾಕಿ. ಕೊಳಚೆ ನೀರಿನ ಲೋಹ ಹೆಚ್ಚಾಗಿ ಹೂಳಿಗೆ ಅಂಟಿಕೊಂಡು ಬರುತ್ತದೆ. ನೀರಿನ ಓಟ ಕುಗ್ಗಿದಲ್ಲಿಯೇ ಹೂಳು ಕೂರುತ್ತದೆ. ಹಾಗಾಗಿ ಆ ಮೂಲೆಯ ಅಂಕಿ ಉಳಿದ ಹೊಲಕ್ಕಿಂತ ಏರಿದ್ದರೆ ಮೂಲ ನೀರೇ ಎಂಬುದಕ್ಕೆ ಬಲವಾದ ಸೂಚನೆ ಸಿಕ್ಕಂತೆ.

ಬಕೆಟ್ಟಿನ ಮಣ್ಣನ್ನು ಹಾಳೆಯ ಮೇಲೆ ಹರಡಿ, ಹೆಂಟೆ ಒಡೆದು, ಚೆನ್ನಾಗಿ ಬೆರೆಸಿ, ನಾಲ್ಕು ಭಾಗ ಮಾಡಿ ಎದುರುಬದುರಿನ ಎರಡನ್ನು ಚೆಲ್ಲಿ, ಉಳಿದೆರಡನ್ನು ಮತ್ತೆ ಬೆರೆಸಿ. ಅರ್ಧ ಕಿಲೋ ಉಳಿಯುವವರೆಗೆ ಹೀಗೆಯೇ ಮಾಡಿ, ನೆರಳಿನಲ್ಲಿ ಒಣಗಿಸಿ, ಜರಡಿ ಹಿಡಿದು ಚೀಲಕ್ಕೆ ತುಂಬಿ. ಚೀಟಿಯಲ್ಲಿ ಗಟ್ ನಂಬರ್ (ಜಮೀನಿನ ದಾಖಲೆಯ ಸಂಖ್ಯೆ), ದಿನಾಂಕ, ಆಳ, ಘಟಕದ ಗುರುತು ಇರಲಿ; ಶಾಯಿ ಹರಡುವುದರಿಂದ ಪೆನ್ಸಿಲ್ ಬಳಸಿ.

ಇನ್ನೊಂದು ಸಣ್ಣ ಉಪಾಯ. ಒಂದೇ ಮಣ್ಣನ್ನು ಎರಡು ಚೀಲಗಳಲ್ಲಿ ಬೇರೆಬೇರೆ ಗುರುತಿನಿಂದ ಕಳಿಸಿ. ಎರಡರ ಅಂಕಿಗಳಲ್ಲಿ ಐದನೆಯ ಒಂದು ಭಾಗಕ್ಕಿಂತ ಹೆಚ್ಚಿನ ಅಂತರ ಬಂದರೆ, ಬೆರೆಸುವುದರಲ್ಲಿ ನೀವು ಎಡವಿದ್ದೀರಿ ಅಥವಾ ಅಳೆಯುವುದರಲ್ಲಿ ಅವರು ಎಡವಿದ್ದಾರೆ. ಎರಡನೆಯ ಪರೀಕ್ಷೆಯ ಶುಲ್ಕ ವ್ಯರ್ಥವೆಂದು ಅನಿಸಬಹುದು. ವರದಿಯನ್ನು ಎಷ್ಟು ನಂಬಬೇಕೆಂಬುದನ್ನು ಹೇಳುವುದು ಇದೊಂದೇ.

6. ನೀರಿನ ಮಾದರಿ

ಬೋರ್‌ವೆಲ್ ಆಗಿದ್ದರೆ ಪಂಪನ್ನು ಹತ್ತು ನಿಮಿಷ ಓಡಿಸಿ, ಪೈಪಿನಲ್ಲಿ ನಿಂತ ನೀರು ಹೋದ ಮೇಲೆ ಹಿಡಿಯಿರಿ. ಕಾಲುವೆಯಾದರೆ ನಡುನೀರಿನಲ್ಲಿ, ಮೇಲ್ಮೈಯ ನೊರೆಗಿಂತ ಕೆಳಗೆ, ತಳದ ಕೆಸರು ಕದಡದಂತೆ ಶುದ್ಧವಾದ ಪ್ಲಾಸ್ಟಿಕ್ ಪಾತ್ರೆಯಲ್ಲಿ ಎತ್ತಿ ಬಾಟಲಿಗೆ ಸುರಿಯಿರಿ. ಆಮ್ಲವಿರುವ ಬಾಟಲಿಯನ್ನು ತೊಳೆಯಬಾರದು, ತುಂಬಿ ಚೆಲ್ಲಿಸಬಾರದು, ನೀರಿನೊಳಗೆ ಮುಳುಗಿಸಬಾರದು. ಆಮ್ಲವಿಲ್ಲದ ಸೋಡಾ ಬಾಟಲಿಯಲ್ಲಿ ಮೂರು ದಿನ ಇಟ್ಟ ನೀರಿನಲ್ಲಿ ಲೋಹ ಬಾಟಲಿಯ ಗೋಡೆಗೆ ಅಂಟಿ, ಅಂಕಿ ಸುಳ್ಳಾಗಿಯೇ ಕಡಿಮೆ ಬರುತ್ತದೆ.

ಮುಂಬಯಿಯ ರೈಲುಹಳಿಗಳ ಬದಿಯ ತೋಟಗಳಂತೆ ಕೊಳಚೆ ನಾಲೆಯ ನೀರು ಹಾಯಿಸುವಲ್ಲಿ ಒಂದೇ ಸಲದ ಮಾದರಿ ಸಾಲದು. ಕೈಗಾರಿಕೆಯ ನೀರು ಕೆಲವೊಮ್ಮೆ ರಾತ್ರಿ ಮಾತ್ರ ಬರುತ್ತದೆ. ಹಗಲಿನ ಬಾಟಲಿ ಅದನ್ನು ಕಾಣುವುದಿಲ್ಲ. ನಾಲೆಯ ತಳದ ಹೂಳು ಮಾತ್ರ ಎಲ್ಲ ದಿನಗಳ ಲೆಕ್ಕವನ್ನು ಇಟ್ಟುಕೊಂಡಿರುತ್ತದೆ. ಹಣ ಒಂದಕ್ಕೇ ಇದ್ದರೆ ನೀರನ್ನು ಬಿಟ್ಟು ಹೂಳನ್ನು ಪರೀಕ್ಷಿಸಿ ಎಂದೇ ನನ್ನ ಸಲಹೆ.

7. ಸೊಪ್ಪು ಮತ್ತು ತರಕಾರಿಯ ಮಾದರಿ

ಪಾಲಕ್, ದಂಟು, ಕೊತ್ತಂಬರಿಯಂಥ ಸೊಪ್ಪುಗಳು ಲೋಹವನ್ನು ಹೆಚ್ಚು ಹಿಡಿಯುತ್ತವೆ. ಟೊಮೆಟೊ, ಬೆಂಡೆ, ಅವರೆ, ಸೋರೆಯಂಥ ಕಾಯಿಗಳು ಕಡಿಮೆ. ಒಂದು ಕಿಲೋ ಸೊಪ್ಪನ್ನು ಹೊಲದ ಹಲವು ಕಡೆಯಿಂದ ಕಿತ್ತು, ಮನೆಯಲ್ಲಿ ಅಡುಗೆಗೆ ತೊಳೆಯುವಂತೆಯೇ ತೊಳೆದು ಕಳಿಸಿ. ಸೀಸ ಬಹುಪಾಲು ಧೂಳು ಮತ್ತು ಮಣ್ಣಿನ ರೂಪದಲ್ಲಿ ಎಲೆಯ ಮೇಲೆ ಕೂತಿರುತ್ತದೆ, ತೊಳೆದರೆ ಸಾಕಷ್ಟು ಹೋಗುತ್ತದೆ. ಕ್ಯಾಡ್ಮಿಯಂ ಬೇರಿನಿಂದ ಏರಿ ಎಲೆಯ ಒಳಗಿರುತ್ತದೆ, ಉಪ್ಪುನೀರಿನಲ್ಲಿ ನೆನೆಸಿದರೂ ಹೋಗುವುದಿಲ್ಲ.

ಗಿಡ ಹಸಿರಾಗಿ ಸೊಂಪಾಗಿ ಬೆಳೆದಿದೆ, ಆದ್ದರಿಂದ ವಿಷವಿಲ್ಲ ಎಂಬ ನಂಬಿಕೆಯನ್ನು ಬಿಡಬೇಕು. ತಾಮ್ರ ಹೆಚ್ಚಾದರೆ ಬೇರು ಮೊಟಕಾಗಿ ಎಲೆ ಹಳದಿಯಾಗುತ್ತದೆ. ಆದರೆ ಮನುಷ್ಯನಿಗೆ ಹಾನಿ ಮಾಡುವಷ್ಟು ಕ್ಯಾಡ್ಮಿಯಂ ಇದ್ದರೂ ಪಾಲಕ್ ನಗುನಗುತ್ತಲೇ ಬೆಳೆಯುತ್ತದೆ.

8. ವರದಿಯನ್ನು ಓದುವುದು

ಮೊದಲು ಅಳತೆಯ ಮಾನವನ್ನು ನೋಡಿ. ಪಿಪಿಎಂ ಎಂದರೆ ಕಿಲೋಗೆ ಮಿಲಿಗ್ರಾಂ, ಪಿಪಿಬಿ ಎಂದರೆ ಅದರ ಸಾವಿರದ ಒಂದು ಭಾಗ. ಬಳಿಕ ಸೊಪ್ಪಿನ ಅಂಕಿ ಹಸಿ ತೂಕಕ್ಕೋ ಒಣ ತೂಕಕ್ಕೋ ಎಂದು ಕೇಳಿ. ಪಾಲಕ್ ಸೊಪ್ಪಿನ ಹತ್ತರಲ್ಲಿ ಒಂಬತ್ತು ಪಾಲು ನೀರು; ಒಣ ತೂಕದ ಅಂಕಿ ಹಸಿಯದಕ್ಕಿಂತ ಸುಮಾರು ಹತ್ತು ಪಟ್ಟು ದೊಡ್ಡದಾಗಿರುತ್ತದೆ. ಕೋಡೆಕ್ಸ್ ಎಂಬ ಅಂತರರಾಷ್ಟ್ರೀಯ ಆಹಾರ ಮಾನದಂಡದಂತೆ ಸೊಪ್ಪಿನಲ್ಲಿ ಸೀಸ ಕಿಲೋಗೆ 0.3 ಮತ್ತು ಕ್ಯಾಡ್ಮಿಯಂ 0.2 ಮಿಲಿಗ್ರಾಂ ಮೀರಬಾರದು, ಮತ್ತು ಅದು ಹಸಿ ತೂಕಕ್ಕೆ. ಈ ಒಂದು ಗೊಂದಲದಿಂದ ಒಳ್ಳೆಯ ಬೆಳೆಯನ್ನು ಹೊಲದಲ್ಲಿಯೇ ಹೂತವರಿದ್ದಾರೆ.

ನೀರಾವರಿ ನೀರಿಗೂ ಕುಡಿಯುವ ನೀರಿಗೂ ಮಿತಿ ಬೇರೆ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 1985ರಲ್ಲಿ ನೀರಾವರಿಗೆ ಸೂಚಿಸಿದ ಮಿತಿಗಳಲ್ಲಿ ಕ್ಯಾಡ್ಮಿಯಂ ಲೀಟರಿಗೆ 0.01, ನಿಕ್ಕೆಲ್ 0.2, ತಾಮ್ರ 0.2 ಮಿಲಿಗ್ರಾಂ. ಸೀಸಕ್ಕೆ 5 ಮಿಲಿಗ್ರಾಂ ಎಂದಿದೆ. ಅದು ಗಿಡ ತಾಳಿಕೊಳ್ಳುವ ಮಟ್ಟ, ಮನುಷ್ಯನದಲ್ಲ. ಅದೇ ಬೋರ್‌ವೆಲ್ಲಿನ ನೀರನ್ನು ಕುಡಿಯುವುದಾದರೆ ಭಾರತೀಯ ಮಾನಕದಂತೆ ಸೀಸ 0.01ನ್ನು ಮೀರಕೂಡದು.

ಮಣ್ಣಿಗೆ, ಯುರೋಪಿನ 1986ರ ನಿರ್ದೇಶನವು ರಸಸಾರ 6ರಿಂದ 7ರ ನಡುವಿನ ಮಣ್ಣಿನಲ್ಲಿ ಕ್ಯಾಡ್ಮಿಯಂ 1ರಿಂದ 3, ಸೀಸ 50ರಿಂದ 300, ತಾಮ್ರ 50ರಿಂದ 140, ನಿಕ್ಕೆಲ್ 30ರಿಂದ 75 ಮಿಲಿಗ್ರಾಂ ಎಂಬ ವ್ಯಾಪ್ತಿ ಕೊಡುತ್ತದೆ. ಇದನ್ನು ದಾರಿದೀಪವಾಗಿ ನೋಡಿ, ತೀರ್ಪಾಗಿ ಅಲ್ಲ. ಬಸಾಲ್ಟ್ ಮಣ್ಣಿನಲ್ಲಿ ನಿಕ್ಕೆಲ್ ಮತ್ತು ತಾಮ್ರ ಈ ವ್ಯಾಪ್ತಿಯ ಮೇಲ್ತುದಿಯಲ್ಲಿಯೇ ನಿಂತಿರಬಹುದು. ಹೋಲಿಕೆಯ ಮಣ್ಣಿನ ಅಂಕಿಯನ್ನು ಪಕ್ಕದಲ್ಲಿಟ್ಟು ನೋಡಿ: ಎರಡೂ ಒಂದೇ ಆಗಿದ್ದರೆ ಅದು ಬಂಡೆಯ ಕೊಡುಗೆ, ಹೊಲದ್ದು ಎರಡು ಪಟ್ಟಿದ್ದರೆ ಹೊರಗಿನಿಂದ ಬಂದಿದೆಯೆಂದು ತಿಳಿದು ಮುಂದುವರಿಯಿರಿ. ಸೀಸ ಮತ್ತು ಕ್ಯಾಡ್ಮಿಯಂ ಬಸಾಲ್ಟಿನಲ್ಲಿ ಕಡಿಮೆ; ಅವು ಏರಿದ್ದರೆ ಬಂಡೆಯ ನೆವ ಹೇಳಲಾಗದು.

ವಿಧಾನದ ಹೆಸರಿಲ್ಲದ, ಅಳೆಯಬಲ್ಲ ಕನಿಷ್ಠ ಪ್ರಮಾಣ ಬರೆಯದ, ಹೊಲದ್ದೂ ಹೋಲಿಕೆಯದೂ ದಶಾಂಶದವರೆಗೆ ಒಂದೇ ಆಗಿರುವ ವರದಿಗಳನ್ನು ಮರಳಿ ಕಳಿಸಿ ವಿವರಣೆ ಕೇಳಿ.

9. ಅಂಕಿ ಏರಿದ್ದರೆ ಮಾಡಬೇಕಾದದ್ದು

ಮೊದಲು ಮೂಲವನ್ನು ನಿಲ್ಲಿಸಿ. ನಲ್ಲಿ ತೆರೆದಿಟ್ಟು ನೆಲ ಒರೆಸಿ ಪ್ರಯೋಜನವಿಲ್ಲ. ಕಸದ ಗೊಬ್ಬರವಾದರೆ ಪ್ರತಿ ಲಾರಿಯ ಪರೀಕ್ಷಾ ವರದಿ ಕೇಳಿ. ಕಾಲುವೆಯ ನೀರೇ ಗತಿಯಾದರೆ ಒಂದು ಹೊಂಡದಲ್ಲಿ ನಿಲ್ಲಿಸಿ ಹೂಳು ತಳಕ್ಕಿಳಿದ ಮೇಲೆ ಮೇಲಿನ ನೀರನ್ನು ಹಾಯಿಸಿ. ಆ ಹೊಂಡದ ಹೂಳನ್ನು ಫಲವತ್ತಾದ ಮಣ್ಣೆಂದು ಹೊಲಕ್ಕೆ ಹರಡುವ ತಪ್ಪನ್ನು ಮಾತ್ರ ಮಾಡಬೇಡಿ. ಕಾರ್ಖಾನೆಯ ನೀರಿನ ಅನುಮಾನವಿದ್ದರೆ ವರದಿ, ನಕ್ಷೆ ಮತ್ತು ದಿನಾಂಕವಿರುವ ಚಿತ್ರಗಳೊಡನೆ ರಾಜ್ಯದ ಮಾಲಿನ್ಯ ನಿಯಂತ್ರಣ ಮಂಡಳಿಗೆ ಬರೆದುಕೊಡಿ.

ಎರಡನೆಯದು ರಸಸಾರ. ಗೋವೆಯ ಹುಳಿ ಮಣ್ಣಿಗೆ, ಸುಣ್ಣದ ಅಗತ್ಯವನ್ನು ಪರೀಕ್ಷಿಸಿ, ರಸಸಾರ 6.5ರ ಆಸುಪಾಸಿಗೆ ಏರಿಸಿದರೆ ಕ್ಯಾಡ್ಮಿಯಂ, ಸೀಸ ಮತ್ತು ನಿಕ್ಕೆಲ್ ಗಿಡಕ್ಕೆ ಸಿಗುವುದು ಕುಗ್ಗುತ್ತದೆ. ಪುಣೆಯ ಕಪ್ಪು ಮಣ್ಣಿಗೆ ಸುಣ್ಣ ಹಾಕಿಸುವವರ ಮಾತು ಕೇಳಬೇಡಿ. ಅದರ ರಸಸಾರ ಮೊದಲೇ 8ರ ಸುತ್ತ ಇರುತ್ತದೆ, ಸುಣ್ಣದಿಂದ ಸತು ಮತ್ತು ಕಬ್ಬಿಣದ ಕೊರತೆ ಹೆಚ್ಚುವುದಷ್ಟೇ ಫಲ. ಆರ್ಸೆನಿಕ್ ಇದ್ದಲ್ಲಂತೂ ರಸಸಾರ ಏರಿಸಿದರೆ ಅದು ಇನ್ನಷ್ಟು ಸಡಿಲವಾಗುತ್ತದೆ.

ಗದ್ದೆಯಲ್ಲಿಯೂ ಇಂಥದೇ ಇಕ್ಕಟ್ಟಿದೆ. ನೀರು ನಿಲ್ಲಿಸಿದರೆ ಅಕ್ಕಿಗೆ ಕ್ಯಾಡ್ಮಿಯಂ ಕಡಿಮೆ, ಆರ್ಸೆನಿಕ್ ಹೆಚ್ಚು. ನೀರು ಬಸಿದರೆ ತಿರುವುಮುರುವು. ಯಾವ ಲೋಹ ಇದೆಯೆಂದು ತಿಳಿಯದೆ ಕೈಹಾಕಬಾರದೆನ್ನುವುದು ಇದಕ್ಕೇ. ಗೋವೆಯ ಖಾಜನ್ ಗದ್ದೆಗಳಲ್ಲಿ, ಅಂದರೆ ಒಡ್ಡು ಕಟ್ಟಿ ಉಪ್ಪುನೀರು ತಡೆದ ತಗ್ಗು ಗದ್ದೆಗಳಲ್ಲಿ, ಉಪ್ಪುನೀರು ನುಗ್ಗಿದರೆ ಕ್ಲೋರೈಡ್ ಜೊತೆ ಸೇರಿ ಕ್ಯಾಡ್ಮಿಯಂ ಬೇರಿಗೆ ಸುಲಭವಾಗಿ ಒದಗುತ್ತದೆ, ಆದ್ದರಿಂದ ಒಡ್ಡು ಮತ್ತು ತೂಬುಗಳ ದುರಸ್ತಿಯೂ ಇಲ್ಲಿ ಭಾರಲೋಹದ ಪರಿಹಾರವೇ.

ಮೂರನೆಯದು ಬೆಳೆ ಬದಲಾವಣೆ. ಸೊಪ್ಪು ಮತ್ತು ಗಡ್ಡೆಗಳನ್ನು ಬಿಟ್ಟು ಕಾಯಿಗಳಿಗೆ ಹೊರಳಿ. ಅದೂ ಆಗದಷ್ಟು ಕೆಟ್ಟಿದ್ದರೆ ಹೂವು ಬೆಳೆಯಿರಿ. ಸೇವಂತಿಗೆ, ಚೆಂಡುಹೂವು, ಸುಗಂಧರಾಜಕ್ಕೆ ಪುಣೆಯ ಗುಲ್ಟೇಕಡಿ ಮಾರುಕಟ್ಟೆಯಲ್ಲಿ ಕೊಳ್ಳುವವರಿದ್ದಾರೆ. ಗುಲ್ಕಂದಕ್ಕೆ ಹೋಗುವ ಗುಲಾಬಿ ಈ ಪಟ್ಟಿಗೆ ಸೇರದು. ಸಣ್ಣ ಹಿತ್ತಿಲಾದರೆ 30 ಸೆಂ.ಮೀ. ಎತ್ತರದ ಮಡಿ ಕಟ್ಟಿ ಪರೀಕ್ಷಿಸಿದ ಮಣ್ಣು ತುಂಬುವುದು ಎಲ್ಲಕ್ಕಿಂತ ಸುಲಭ. ಮುಂಬಯಿಯ ತಾರಸಿ ತೋಟದವರು ಹಳೆಯ ಬಣ್ಣದ ಡಬ್ಬಗಳನ್ನೂ ಸತು ಲೇಪಿಸಿದ ಪೀಪಾಯಿಗಳನ್ನೂ ಕುಂಡ ಮಾಡಿಕೊಳ್ಳದಿದ್ದರೆ ಅರ್ಧ ಕೆಲಸ ಮುಗಿದಂತೆ. ಮಡಿಯ ಮೇಲೆ ಒಣಹುಲ್ಲು ಮುಚ್ಚಿದರೆ ಮಳೆಹನಿಗೆ ಮಣ್ಣು ಎಲೆಗೆ ಸಿಡಿಯುವುದು ತಪ್ಪುತ್ತದೆ.

ಸಾಸಿವೆ ಅಥವಾ ಸೂರ್ಯಕಾಂತಿ ಬೆಳೆದು ಲೋಹ ಹೀರಿಸಿಬಿಡುತ್ತೇವೆ ಎನ್ನುವವರ ಉತ್ಸಾಹ ನನಗೆ ಇಲ್ಲ. ಅದಕ್ಕೆ ಹಲವು ದಶಕಗಳು ಬೇಕು, ಮತ್ತು ಕೊಯ್ದ ಗಿಡವನ್ನು ಎಲ್ಲಿಡಬೇಕೆಂಬ ಪ್ರಶ್ನೆ ಉಳಿಯುತ್ತದೆ. ಅದನ್ನೇ ತಿಪ್ಪೆಗೆ ಹಾಕಿದರೆ ಲೋಹ ಮರಳಿ ಹೊಲಕ್ಕೆ ಬರುತ್ತದೆ.

ವರದಿಯಲ್ಲಿ ಸೊಪ್ಪು ಮಿತಿ ಮೀರಿದ್ದರೆ ಮನೆಯ ಮಕ್ಕಳಿಗೂ ಬಸುರಿಯರಿಗೂ ಅಂದಿನಿಂದಲೇ ಅದನ್ನು ನಿಲ್ಲಿಸಿ, ರಕ್ತದಲ್ಲಿನ ಸೀಸದ ಪರೀಕ್ಷೆ ಬೇಕೇ ಎಂದು ವೈದ್ಯರನ್ನು ಕೇಳಿ. ಹೊಲದ ಮರುಪರೀಕ್ಷೆಯಲ್ಲಿ ಒಟ್ಟು ಲೋಹ ಇಳಿಯುವುದನ್ನು ನಿರೀಕ್ಷಿಸಬೇಡಿ, ಅದು ಇಳಿಯುವುದಿಲ್ಲ. ಪ್ರತಿ ಬೆಳೆಯ ಕೊನೆಗೆ ಅದೇ ಜಾಗದ, ಅದೇ ಬೆಳೆಯ ಸೊಪ್ಪು ಅಥವಾ ಕಾಯಿಯನ್ನು ಅದೇ ಪ್ರಯೋಗಾಲಯಕ್ಕೆ ಕಳಿಸಿ, ಮೊದಲ ಸಲ ಬಳಸಿದ ನಕ್ಷೆಯ ಮೇಲೆಯೇ ಅಂಕಿ ಬರೆದಿಡಿ. ಮಣ್ಣನ್ನು ಮೂರು ವರ್ಷಕ್ಕೊಮ್ಮೆ ಪರೀಕ್ಷಿಸಿದರೆ ಸಾಕು.